ಹೈಪೋಥೈರಾಯ್ಡಿಸಂ: ಥೈರಾಯ್ಡ್ ಮತ್ತು ಕೊಲೆಸ್ಟ್ರಾಲ್ ವರದಿಗಳನ್ನು ಓದುವ ಬಗೆ

ಥೈರಾಯ್ಡ್ ಗ್ರಂಥಿ ದೇಹಕ್ಕೆ ಬೇಕಾದಷ್ಟು ಹಾರ್ಮೋನು ತಯಾರಿಸದ ಸ್ಥಿತಿಗೆ ಹೈಪೋಥೈರಾಯ್ಡಿಸಂ ಎಂದು ಹೆಸರು. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಈ ಗ್ರಂಥಿಯ ಕೆಲಸ ಕುಗ್ಗಿದಾಗ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮೈತೂಕ ಹೆಚ್ಚುವುದು ಕಾಣಿಸಿಕೊಳ್ಳುತ್ತವೆ. ಜೊತೆಗೆ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ. ಆದ್ದರಿಂದ ಈ ರೋಗಿಗಳ ಥೈರಾಯ್ಡ್ ಪ್ರೊಫೈಲನ್ನೂ ಲಿಪಿಡ್ ಪ್ರೊಫೈಲನ್ನೂ ಒಟ್ಟಿಗೆ ಇಟ್ಟುಕೊಂಡು, ಥೈರಾಯ್ಡನ್ನು ಮೊದಲು ಓದಬೇಕು. ದಪ್ಪ ಅಕ್ಷರದಲ್ಲಿ ಅಚ್ಚಾದ ಕೊಲೆಸ್ಟ್ರಾಲ್ ಅಂಕಿ ನೋಡಿ ಗಾಬರಿಯಾಗಿ ತುಪ್ಪ, ಮೊಟ್ಟೆ ಬಿಟ್ಟು, ಮುಂದಿನ ಪುಟದ ಟಿಎಸ್‌ಎಚ್ ಕಡೆ ಕಣ್ಣೇ ಹಾಯಿಸದವರು ಬಹಳ.

ಭಾರತದಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಸೇರಿ ಎಂಟು ನಗರಗಳ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 10.95ರಷ್ಟು ಜನರಲ್ಲಿ ಹೈಪೋಥೈರಾಯ್ಡಿಸಂ ಕಂಡುಬಂತು. ಅಯೋಡಿನ್ ಸೇರಿಸಿದ ಉಪ್ಪು ಮನೆಮನೆಗೆ ತಲುಪಿದ ಮೇಲೆ ಅಯೋಡಿನ್ ಕೊರತೆ ಹಿಂದೆ ಸರಿದು, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವ ಹಶಿಮೊಟೊ ಕಾಯಿಲೆ ಮುಖ್ಯ ಕಾರಣವಾಗಿದೆ. ಜಪಾನಿನ ಹಕಾರು ಹಶಿಮೊಟೊ ಇದನ್ನು ಮೊದಲು ವಿವರಿಸಿದ್ದು 1912ರಲ್ಲಿ. ಆಂಟಿ ಟಿಪಿಒ ಎಂಬ ಪ್ರತಿಕಾಯ ಹೆಚ್ಚಿದ್ದರೆ ಕಾರಣ ಇದೇ ಎಂದು ಊಹಿಸಬಹುದು. ಒಮ್ಮೆ ಪಾಸಿಟಿವ್ ಬಂದ ಮೇಲೆ ಅದನ್ನು ವರ್ಷವರ್ಷವೂ ಅಳೆಸುವುದು ದುಡ್ಡು ದಂಡ. ಚಿಕಿತ್ಸೆ ಆ ಅಂಕಿಯನ್ನು ನೋಡಿ ಬದಲಾಗುವುದಿಲ್ಲ.

ಟಿಎಸ್‌ಎಚ್ ಮತ್ತು ಟಿ4

ವರದಿಯ ಮುಖ್ಯ ಅಂಕಿಯಾದ ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವುದಿಲ್ಲ. ಅದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಥೈರಾಯ್ಡಿಗೆ ಹೋಗುವ ಆಜ್ಞೆ. ಥೈರಾಯ್ಡ್ ಕೆಲಸ ಮಾಡದಿದ್ದಷ್ಟೂ ಆಜ್ಞೆ ಜೋರಾಗುತ್ತದೆ. ‘ನನಗೆ ಥೈರಾಯ್ಡ್ ಜಾಸ್ತಿಯಾಗಿದೆ’ ಎನ್ನುವವರಲ್ಲಿ ಹೆಚ್ಚಿನವರಿಗೆ ಜಾಸ್ತಿಯಾಗಿರುವುದು ಟಿಎಸ್‌ಎಚ್. ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿರುತ್ತದೆ. ವಯಸ್ಕರಲ್ಲಿ ಟಿಎಸ್‌ಎಚ್ ಒಂದು ಲೀಟರಿಗೆ 0.4ರಿಂದ 4 ಮಿಲಿಯೂನಿಟ್ ಆಸುಪಾಸಿನಲ್ಲಿರಬೇಕು. ಲ್ಯಾಬಿನ ಯಂತ್ರ ಯಾವ ಕಂಪನಿಯದು ಎಂಬುದರ ಮೇಲೆ ಈ ಗಡಿ ತುಸು ಆಚೀಚೆಯಾಗುವುದರಿಂದ ಆಯಾ ವರದಿಯಲ್ಲಿ ಅಚ್ಚಾದ ಗಡಿಯನ್ನೇ ಹಿಡಿಯಬೇಕು.

ಟಿಎಸ್‌ಎಚ್ ಏರುವ ರೀತಿ ದಾರಿ ತಪ್ಪಿಸುವಂಥದ್ದು. ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನಿನಲ್ಲಿ ಪ್ರೋಟೀನಿಗೆ ಅಂಟದ ಭಾಗವಾದ ಮುಕ್ತ ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಹೀಗಾಗಿ ಟಿಎಸ್‌ಎಚ್ 60 ಇರುವವರ ಕಾಯಿಲೆ 6 ಇರುವವರದಕ್ಕಿಂತ ಹತ್ತು ಪಟ್ಟು ಕೆಟ್ಟದ್ದು ಎಂಬ ಲೆಕ್ಕ ಸರಿಯಲ್ಲ. ಕೊರತೆ ಎಷ್ಟಿದೆ ಎಂಬುದನ್ನು ಹೇಳುವುದು ಮುಕ್ತ ಟಿ4. ಟಿಎಸ್‌ಎಚ್ ಹೆಚ್ಚಿದ್ದು ಮುಕ್ತ ಟಿ4 ಕಡಿಮೆಯಿದ್ದರೆ ಅದು ಪೂರ್ಣ ಹೈಪೋಥೈರಾಯ್ಡಿಸಂ. ಟಿಎಸ್‌ಎಚ್ ಹೆಚ್ಚಿದ್ದೂ ಮುಕ್ತ ಟಿ4 ಸರಿಯಿದ್ದರೆ ವೈದ್ಯರು ಸಬ್‌ಕ್ಲಿನಿಕಲ್ ಎನ್ನುತ್ತಾರೆ. ಮುಕ್ತ ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ ಏರಿಲ್ಲವಾದರೆ ದೋಷ ಪಿಟ್ಯುಟರಿಯಲ್ಲಿರಬಹುದು. ಇದು ಅಪರೂಪ, ಆದರೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ತಪ್ಪಿಹೋಗುವುದೂ ಇದೇ.

ಅಗ್ಗದ ಪ್ಯಾಕೇಜುಗಳಲ್ಲಿ ಒಟ್ಟು ಟಿ3, ಒಟ್ಟು ಟಿ4 ಇರುತ್ತವೆ. ರಕ್ತದಲ್ಲಿ ಈ ಹಾರ್ಮೋನುಗಳ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಆ ಪ್ರೋಟೀನು ಹೆಚ್ಚುವುದರಿಂದ ಒಟ್ಟು ಅಂಕಿ ಸುಮ್ಮನೆ ಏರುತ್ತದೆ. ಟಿ3 ಅಂತೂ ಕಾಯಿಲೆ ಬಲಿಯುವವರೆಗೆ ಸರಿಯಾಗಿಯೇ ಇರುವುದುಂಟು. ಹೈಪೋಥೈರಾಯ್ಡಿಸಂ ಪತ್ತೆಗೆ ಅದರಿಂದ ಉಪಯೋಗ ಕಡಿಮೆ.

ಕೊಲೆಸ್ಟ್ರಾಲ್ ಏಕೆ ಏರುತ್ತದೆ

ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿರುತ್ತವೆ. ಈ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಗ್ರಾಹಕ ತಯಾರಾಗಲು ಬೇಕಾದ ಜೀನನ್ನು ಚುರುಕಾಗಿಡುವುದರಲ್ಲಿ ಟಿ3 ಹಾರ್ಮೋನಿನ ಕೈ ಇದೆ. ಹಾರ್ಮೋನು ಕಡಿಮೆಯಾದರೆ ಗ್ರಾಹಕಗಳು ಕಡಿಮೆಯಾಗಿ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಕೊಲೆಸ್ಟ್ರಾಲನ್ನು ಪಿತ್ತರಸದ ಆಮ್ಲಗಳಾಗಿ ಬದಲಿಸುವ ಕೆಲಸವೂ ನಿಧಾನವಾಗುತ್ತದೆ. ಯಕೃತ್ತು ಹೊಸ ಕೊಲೆಸ್ಟ್ರಾಲ್ ತಯಾರಿಸುವುದು ಇದೇ ಹೊತ್ತಿನಲ್ಲಿ ತಗ್ಗಿರುತ್ತದೆ, ಆದರೆ ವಿಲೇವಾರಿ ಅದಕ್ಕಿಂತಲೂ ಹೆಚ್ಚು ತಗ್ಗುವುದರಿಂದ ಮೊತ್ತ ಮೇಲೇರುತ್ತದೆ. ಊಟದಲ್ಲಿ ಎಷ್ಟು ಬಿಗಿ ಮಾಡಿದರೂ ಇಂಥವರ ಅಂಕಿ ಜಗ್ಗದಿರುವುದಕ್ಕೆ ಕಾರಣ ಇದೇ.

ಟ್ರೈಗ್ಲಿಸರೈಡ್ ಕೂಡ ಸ್ವಲ್ಪ ಏರಬಹುದು. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಸಾಮಾನ್ಯವಾಗಿಯೇ ಇರುತ್ತದೆ, ಕೆಲವೊಮ್ಮೆ ತುಸು ಹೆಚ್ಚೇ ಇರುತ್ತದೆ. ಅದನ್ನು ಶುಭಸೂಚನೆ ಎಂದುಕೊಳ್ಳಬೇಕಿಲ್ಲ.

ಒಂದು ಮಾದರಿ ವರದಿ

ವಿವರಣೆಗಾಗಿ ಕಟ್ಟಿದ ಒಂದು ವರದಿಯನ್ನು ನೋಡಬಹುದು. 42 ವರ್ಷದ, 62 ಕೆ.ಜಿ. ತೂಕದ ಮಹಿಳೆ. ಟಿಎಸ್‌ಎಚ್ 38.6. ಮುಕ್ತ ಟಿ4 ಡೆಸಿಲೀಟರಿಗೆ 0.51 ನ್ಯಾನೋಗ್ರಾಂ, ಆ ಲ್ಯಾಬಿನ ಕೆಳಗಡಿ 0.9. ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 286 ಮಿಲಿಗ್ರಾಂ, ಎಚ್‌ಡಿಎಲ್ 52, ಟ್ರೈಗ್ಲಿಸರೈಡ್ 180, ಎಲ್‌ಡಿಎಲ್ 198. ಕೊನೆಯ ಅಂಕಿಯನ್ನು ಹಲವು ಲ್ಯಾಬುಗಳು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಎಚ್‌ಡಿಎಲ್ ಅನ್ನೂ ಒಟ್ಟು ಕೊಲೆಸ್ಟ್ರಾಲಿನಿಂದ ಕಳೆದರೆ ಸಿಗುವುದು. 1972ರ ಫ್ರೀಡ್‌ವಾಲ್ಡ್ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬಾರದು.

ಈ ಹಾಳೆಯಲ್ಲಿ ಕಣ್ಣು ಮೊದಲು ಹೋಗುವುದು 286ರ ಮೇಲೆ. ಆದರೆ ಇಲ್ಲಿ ಕೊಲೆಸ್ಟ್ರಾಲ್ ಮಾತ್ರೆಯನ್ನು ಮೊದಲು ಬರೆಯುವುದು ಸಾಮಾನ್ಯವಾಗಿ ಸರಿಯಾದ ಕ್ರಮವಲ್ಲ. ಸ್ಟ್ಯಾಟಿನ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ, ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಆಗದವರಲ್ಲಿ ಆ ಅಪಾಯ ಇನ್ನೂ ಹೆಚ್ಚು. ಹೈಪೋಥೈರಾಯ್ಡಿಸಂ ಒಂದೇ ಸಾಕು ಮೈಕೈ ನೋವು ತರಲು, ಸ್ನಾಯುವಿನ ಸಿಪಿಕೆ ಅಂಕಿ ಏರಿಸಲು. ಎರಡೂ ಕೂಡಿದರೆ ನೋವು ಯಾವುದರದೆಂದು ಬಿಡಿಸುವುದು ಕಷ್ಟ. ಹೊಸದಾಗಿ ಕೊಲೆಸ್ಟ್ರಾಲ್ ಹೆಚ್ಚು ಕಂಡ ಎಲ್ಲರಿಗೂ ಒಮ್ಮೆ ಟಿಎಸ್‌ಎಚ್ ನೋಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಹೃದಯಾಘಾತ ಆಗಿಹೋದವರ ಮಾತು ಬೇರೆ. ಅವರಿಗೆ ಸ್ಟ್ಯಾಟಿನ್ ತಡೆಹಿಡಿಯುವುದಿಲ್ಲ.

ಪೂರ್ಣ ಕೊರತೆ ಇರುವವರಿಗೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೋಥೈರಾಕ್ಸಿನ್ ಪ್ರಮಾಣ ಕೆ.ಜಿ. ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ. ಈ ಮಹಿಳೆಗೆ ಅದು ‘ನೂರರ ಮಾತ್ರೆ’. ವಯಸ್ಸಾದವರಿಗೆ, ಹೃದ್ರೋಗವಿರುವವರಿಗೆ 25ರಿಂದ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಮೂರು ತಿಂಗಳ ನಂತರ ಇದೇ ಮಹಿಳೆಯ ಟಿಎಸ್‌ಎಚ್ 3.1, ಒಟ್ಟು ಕೊಲೆಸ್ಟ್ರಾಲ್ 204, ಎಚ್‌ಡಿಎಲ್ 50, ಟ್ರೈಗ್ಲಿಸರೈಡ್ 130, ಎಲ್‌ಡಿಎಲ್ 128 ಎಂದು ಬಂತೆನ್ನಿ. ತೂಕ, ಸಕ್ಕರೆ, ಬಿಪಿ, ಮನೆತನದ ಹೃದ್ರೋಗ ಇವನ್ನೆಲ್ಲ ನೋಡಿ ತೂಗಬೇಕಾದ ಎಲ್‌ಡಿಎಲ್ ಈ 128. ಮೊದಲಿನ 198 ಆ ಹೊತ್ತಿನ ಥೈರಾಯ್ಡ್ ಕೊರತೆಯ ಅಳತೆ. ಟಿಎಸ್‌ಎಚ್ ಹತೋಟಿಗೆ ಬಂದ ಮೇಲೂ ಎಲ್‌ಡಿಎಲ್ 190 ಮೀರಿ ನಿಂತಿದ್ದರೆ ವಂಶವಾಹಿ ಕೊಲೆಸ್ಟ್ರಾಲ್ ಕಾಯಿಲೆಯನ್ನು ಹುಡುಕಬೇಕಾಗುತ್ತದೆ.

ಗಡಿಯಲ್ಲಿರುವ ಅಂಕಿಗಳು

ಟಿಎಸ್‌ಎಚ್ 6 ಅಥವಾ 7, ಮುಕ್ತ ಟಿ4 ಸರಿ, ಎಲ್‌ಡಿಎಲ್ 170: ಇಂಥ ವರದಿಯಲ್ಲಿ ಜನ ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟುವುದುಂಟು. ಅದು ತಪ್ಪು. ಸಬ್‌ಕ್ಲಿನಿಕಲ್ ಹಂತದಲ್ಲಿ ಥೈರಾಯ್ಡ್ ಮಾತ್ರೆಯಿಂದ ಎಲ್‌ಡಿಎಲ್ ಇಳಿಯುವುದು ಸರಾಸರಿ 10 ಮಿಲಿಗ್ರಾಂ ಆಸುಪಾಸು. ಉಳಿದದ್ದು ಊಟ, ತೂಕ, ವಂಶ, ಸಕ್ಕರೆ ಕಾಯಿಲೆಯ ಪಾಲು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಟಿಎಸ್‌ಎಚ್ 10 ದಾಟಿದರೆ ಮಾತ್ರೆ ಶುರುಮಾಡುವುದಕ್ಕೆ ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ಅದಕ್ಕಿಂತ ಕೆಳಗೆ ವಯಸ್ಸು, ಲಕ್ಷಣ, ಪ್ರತಿಕಾಯ, ಹೃದಯದ ಅಪಾಯ ನೋಡಿ ತೀರ್ಮಾನಿಸುತ್ತಾರೆ. 65 ದಾಟಿದ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಅಧ್ಯಯನದಲ್ಲಿ ಸಬ್‌ಕ್ಲಿನಿಕಲ್ ಹಂತದವರಿಗೆ ಮಾತ್ರೆ ಕೊಟ್ಟದ್ದರಿಂದ ಸುಸ್ತು ಕಡಿಮೆಯಾಗಲಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿಯೇ ತುಸು ಏರುತ್ತದೆ. 80ರ ಅಜ್ಜಿಯ 6ನ್ನು 30ರ ಮೊಮ್ಮಗಳ 6ರ ಹಾಗೆ ಓದಬಾರದು.

ಗರ್ಭಿಣಿಯರಿಗೆ ಬೇರೆ ಗಡಿಗಳಿವೆ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ಸಹಜವಾಗಿ ಇಳಿಯುತ್ತದೆ, ಮೊದಲೇ ಮಾತ್ರೆ ನುಂಗುತ್ತಿರುವವರಿಗೆ ಪ್ರಮಾಣ ಶೇ 25–30ರಷ್ಟು ಹೆಚ್ಚಿಸಬೇಕಾಗುತ್ತದೆ. ಬಸಿರಿನಲ್ಲಿ ಕೊಲೆಸ್ಟ್ರಾಲ್ ಏರುವುದು ಸಹಜ. ಆಗ ಲಿಪಿಡ್ ಪರೀಕ್ಷೆ ಮಾಡಿಸಿ ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ವರದಿಯನ್ನು ಕೆಡಿಸುವ ಸಂಗತಿಗಳು

ಲೆವೋಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಇನ್ನೂ ಹೆಚ್ಚು. ಪ್ರಮಾಣ ಬದಲಿಸಿ ಎರಡೇ ವಾರಕ್ಕೆ ರಕ್ತ ಕೊಟ್ಟರೆ ಬರುವ ಟಿಎಸ್‌ಎಚ್ ಹಳೆಯ ಕಥೆ ಹೇಳುತ್ತದೆ. ಆರರಿಂದ ಎಂಟು ವಾರ ಕಾಯಬೇಕು. ಕೊಲೆಸ್ಟ್ರಾಲನ್ನು ಟಿಎಸ್‌ಎಚ್ ಸರಿಹೋದ ನಂತರ ನೋಡುವುದೇ ಒಳ್ಳೆಯದು.

ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಪ್ರತಿಸಲವೂ ಬೆಳಗ್ಗೆ ಒಂದೇ ಹೊತ್ತಿಗೆ, ಆ ದಿನದ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟರೆ ಹಳೆಯ ವರದಿಯ ಜೊತೆ ಹೋಲಿಸಲು ಬರುತ್ತದೆ. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಮುಕ್ತ ಟಿ4 ಏರಿರುತ್ತದೆ. ಟಿಎಸ್‌ಎಚ್ ಹೆಚ್ಚು, ಮುಕ್ತ ಟಿ4 ಮಾತ್ರ ಮೇಲಿನ ಗಡಿ ಮುಟ್ಟಿದೆ ಎಂಬ ವಿಚಿತ್ರ ಜೋಡಿ ಕಂಡರೆ ಅನುಭವಿ ವೈದ್ಯರು ಮೊದಲು ಕೇಳುವುದು, ‘ಮಾತ್ರೆ ದಿನಾ ತಗೋತಿದ್ರಾ, ಇಲ್ಲ ಪರೀಕ್ಷೆ ಹತ್ತಿರ ಬಂದಾಗಷ್ಟೇನಾ?’ ಎಂದು.

ಕರ್ನಾಟಕದ ಮನೆಗಳಲ್ಲಿ ಮಾತ್ರೆಗೆ ದೊಡ್ಡ ಅಡ್ಡಿ ಬೆಳಗಿನ ಕಾಫಿ. ಕಾಫಿ ಈ ಔಷಧ ಕರುಳಿನಲ್ಲಿ ಹೀರಿಕೆಯಾಗುವುದನ್ನು ತಗ್ಗಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಪ್ರಮಾಣ ಏರಿಸುತ್ತಲೇ ಹೋದರೂ ಟಿಎಸ್‌ಎಚ್ ಇಳಿಯದಿದ್ದರೆ ಮಾತ್ರೆಗಿಂತ ಮೊದಲು ಈ ಅಭ್ಯಾಸಗಳನ್ನು ವಿಚಾರಿಸಬೇಕು.

ಕೂದಲಿಗೆಂದು ನುಂಗುವ ಬಯೋಟಿನ್ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಅದು ಗ್ರಂಥಿಯನ್ನು ಮುಟ್ಟುವುದಿಲ್ಲ, ಕೆಲವು ಯಂತ್ರಗಳ ಪರೀಕ್ಷಾ ವಿಧಾನವನ್ನೇ ಕೆಡಿಸಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ಸುಳ್ಳು ಅಂಕಿ ಕೊಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2017ರಲ್ಲಿ ಇದರ ಬಗ್ಗೆ ಎಚ್ಚರಿಸಿತು. ಕೂದಲು ಉದುರುವುದು ಹೈಪೋಥೈರಾಯ್ಡಿಸಂನ ಲಕ್ಷಣವೂ ಆದ್ದರಿಂದ ಬಯೋಟಿನ್ ನುಂಗುವವರು ಈ ಗುಂಪಿನಲ್ಲೇ ಹೆಚ್ಚು ಸಿಗುತ್ತಾರೆ. ಪರೀಕ್ಷೆಗೆ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ದೊಡ್ಡ ಕಾಯಿಲೆಯಿಂದ ಏಳುತ್ತಿರುವಾಗಲೂ ಟಿಎಸ್‌ಎಚ್ ಕೆಲವು ವಾರ ಏರಿ ಮತ್ತೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಿನ ಒಂದು ವರದಿ ಹಿಡಿದು ಜೀವಮಾನದ ಮಾತ್ರೆ ಶುರುಮಾಡಬಾರದು.

ವಿದೇಶಕ್ಕೆ ಹೋದ ಕನ್ನಡಿಗರಿಗೆ ಮಾನಗಳ ಗೊಂದಲ ಎದುರಾಗುತ್ತದೆ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಕೊಲೆಸ್ಟ್ರಾಲನ್ನು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ. ನಮ್ಮ ಮಿಲಿಗ್ರಾಂ ಅಂಕಿಯನ್ನು 38.67ರಿಂದ ಭಾಗಿಸಬೇಕು: ಮೇಲಿನ 198 ಅಲ್ಲಿ 5.1 ಆಗುತ್ತದೆ. ಟ್ರೈಗ್ಲಿಸರೈಡಿಗೆ ಭಾಜಕ 88.57. ಮುಕ್ತ ಟಿ4ರ ನ್ಯಾನೋಗ್ರಾಂ ಅಂಕಿಯನ್ನು 12.87ರಿಂದ ಗುಣಿಸಿದರೆ ಅಲ್ಲಿನ ಪಿಕೋಮೋಲ್ ಸಿಗುತ್ತದೆ. ಟಿಎಸ್‌ಎಚ್ ಮಾತ್ರ ಎರಡೂ ಕಡೆ ಒಂದೇ.

ಇತಿಹಾಸ

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದರು. ಆಕೆ ಮುಂದೆ 28 ವರ್ಷ ಬದುಕಿದಳು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಹರಳಾಗಿ ಬೇರ್ಪಡಿಸಿದರು. ಟಿಎಸ್‌ಎಚ್ ಅಳೆಯಲು ಬಾರದ ಆ ಕಾಲದಲ್ಲಿ ಕೊಲೆಸ್ಟ್ರಾಲೇ ಥೈರಾಯ್ಡಿನ ಪರೀಕ್ಷೆಗಳಲ್ಲಿ ಒಂದಾಗಿತ್ತು. ಥೈರಾಯ್ಡ್ ಕೊರತೆಯಲ್ಲಿ ಕೊಲೆಸ್ಟ್ರಾಲ್ ಏರುತ್ತದೆ, ಅತಿಯಾದಾಗ ಇಳಿಯುತ್ತದೆ ಎಂಬುದನ್ನು 1930ರಲ್ಲಿ ಮೇಸನ್, ಹಂಟ್ ಮತ್ತು ಹರ್ಕ್ಸ್‌ಥಾಲ್ ಪ್ರಕಟಿಸಿದರು.

ಹಾಗಾದರೆ ಥೈರಾಯ್ಡ್ ಸರಿಯಿರುವವರಿಗೂ ಹಾರ್ಮೋನು ಕೊಟ್ಟು ಕೊಲೆಸ್ಟ್ರಾಲ್ ಇಳಿಸಬಹುದಲ್ಲ ಎಂಬ ಯೋಚನೆ ಬಂದದ್ದು ಸಹಜವೇ. ಹೃದಯಾಘಾತವಾಗಿದ್ದ ಗಂಡಸರ ಮೇಲೆ ಅಮೆರಿಕದಲ್ಲಿ ನಡೆದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಡೆಕ್ಸ್‌ಟ್ರೋಥೈರಾಕ್ಸಿನ್ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಿತು, ಸಾವು ಹೆಚ್ಚಿತು. 1970ರ ದಶಕದ ಆರಂಭದಲ್ಲಿ ಆ ಭಾಗವನ್ನು ನಿಲ್ಲಿಸಿದರು. ಹೃದಯದ ಗ್ರಾಹಕವನ್ನು ಹೆಚ್ಚು ತಟ್ಟದೆ ಯಕೃತ್ತಿನ ಥೈರಾಯ್ಡ್ ಗ್ರಾಹಕವನ್ನಷ್ಟೇ ಚುರುಕುಗೊಳಿಸುವ ರೆಸ್ಮೆಟಿರಾಮ್ ಎಂಬ ಮದ್ದಿಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದು ಎಲ್‌ಡಿಎಲ್ ಅನ್ನೂ ಇಳಿಸುತ್ತದೆ. ಆದರೆ ಒಪ್ಪಿಗೆ ಸಿಕ್ಕಿರುವುದು ಕೊಬ್ಬು ತುಂಬಿ ಊದಿಕೊಂಡು ಗಡುಸಾಗುತ್ತಿರುವ ಯಕೃತ್ತಿನ ಚಿಕಿತ್ಸೆಗೆ. ಹೈಪೋಥೈರಾಯ್ಡಿಸಂ ಇರುವವರು ಲೆವೋಥೈರಾಕ್ಸಿನ್ ಬದಲು ಅದನ್ನು ನುಂಗುವಂತಿಲ್ಲ.