ಬಿಡದ ಬೋಲ್ಟು ಮತ್ತು ಎರಡು ವರ್ಷ ಮಾರಾಟವಾಗದ ನೇಗಿಲು

ವಿಡಿಯೋ ನೋಡೋಕೆ ಟೈಮ್ ಇಲ್ಲ, ಹಿಂಜವಡಿಗೆ ಹೋಗೋ ಬಸ್ಸಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಪುಣೆಯಿಂದ ಮಿರಜ್ ಮಾರ್ಗವಾಗಿ ಊರಿಗೆ ಹೋಗೋ ನಮಗೆಲ್ಲ ಕಿರ್ಲೋಸ್ಕರ್‌ವಾಡಿ ಅನ್ನೋ ಸ್ಟೇಷನ್ ಗೊತ್ತು. ಎಷ್ಟೋ ವರ್ಷ ನಾನು ಆ ಬೋರ್ಡನ್ನು ನಿದ್ದೆಗಣ್ಣಲ್ಲೇ ನೋಡಿ ದಾಟಿದ್ದೀನಿ. ಹೋದ ದೀಪಾವಳಿಗೆ ಊರಲ್ಲಿ ಒಂದು ಬೋಲ್ಟ್ ಮುರಿದ ಮೇಲೆ, ವಾಪಸ್ ಬರುವಾಗ ಮಾತ್ರ ಎದ್ದು ಕೂತು ನೋಡಿದೆ. ಯಾಕೆ ಅಂತ ಹೇಳ್ತೀನಿ.

ನಮ್ಮೂರು ಅಥಣಿ ತಾಲೂಕಿನಲ್ಲಿದೆ. ಅಪ್ಪನ ದ್ರಾಕ್ಷಿ ತೋಟಕ್ಕೆ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು, ಮಿತ್ಸುಬಿಷಿ ಶಕ್ತಿ. 18.5 ಅಶ್ವಶಕ್ತಿಯ, ಮೂರು ಸಿಲಿಂಡರಿನ ಡೀಸೆಲ್ ಗಾಡಿ. ದೊಡ್ಡ ಟ್ರ್ಯಾಕ್ಟರ್ ದ್ರಾಕ್ಷಿ ಸಾಲಿಗೆ ಹೊಕ್ಕರೆ ಬಳ್ಳಿ ಹರೀತದೆ, ಇದು ಆರಾಮಾಗಿ ನುಗ್ಗಿ ಔಷಧ ಹೊಡೆದು ಬರ್ತಿತ್ತು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ತೋಟ ಲಾವಣಿಗೆ ಹೋಯ್ತು, ಗಾಡಿ ದನದ ಕೊಟ್ಟಿಗೆ ಸೇರಿತು. ಐದು ಮಳೆಗಾಲ ಅಲ್ಲೇ ನಿಂತಿತು. ಎಂಜಿನ್ ಪೂರ್ತಿ ಜಾಮ್. ಅಣ್ಣ ಹೇಳಿದ: "ಗುಜರಿಯವ ನಾಳಿ ಬರ್ತಾನ, ಕೊಟ್ಟು ಬಿಡೂಣು." ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಹೊರಗೆ ಹೋದರು. ನಾನು ಅಣ್ಣನ ಹತ್ತಿರ ಹತ್ತು ದಿನ ಕೇಳಿಕೊಂಡೆ.

ಈ ಗಾಡಿಯ ಹುಟ್ಟೂರು ನಿಮ್ಮಲ್ಲಿ ಅರ್ಧ ಜನ ಕೆಲಸ ಮಾಡಿ ಬಂದ ಏರಿಯಾ. ವಿಎಸ್‌ಟಿ ಟಿಲ್ಲರ್ಸ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಯ್ತು. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ ಸಾಫ್ಟ್‌ವೇರ್ ಪಾರ್ಕುಗಳು ಏಳೋಕೆ ಎಷ್ಟೋ ಮೊದಲೇ ಈ ಕಾರ್ಖಾನೆ ಅಲ್ಲಿತ್ತು. ಮೊದಲು ಗದ್ದೆಗೆ ಪವರ್ ಟಿಲ್ಲರ್ ಕೊಟ್ಟರು, ಆಮೇಲೆ ತೋಟಕ್ಕೆ ಸಣ್ಣ ಟ್ರ್ಯಾಕ್ಟರ್. ಜಪಾನಿನ ಚಿಕ್ಕ ಚಿಕ್ಕ ಗದ್ದೆಗಳಿಗಾಗಿ ಬೆಳೆದ ವಿದ್ಯೆ ನಮ್ಮ ಚಿಕ್ಕ ಹಿಡುವಳಿಗೂ ಒಗ್ಗಿತು.

ಸರಿ, ಜಾಮ್ ಯಾಕಾಗುತ್ತೆ? ಕಬ್ಬಿಣ ತುಕ್ಕಾದಾಗ ಸವೆಯೋದು ಮಾತ್ರ ಅಲ್ಲ, ಉಬ್ಬುತ್ತೆ. ತಿಂದುಹೋದ ಕಬ್ಬಿಣಕ್ಕಿಂತ ತುಕ್ಕಿನ ಗಾತ್ರ ಎರಡು ಪಟ್ಟಿಗೂ ಹೆಚ್ಚು. ನಟ್ಟಿನ ಮರೆಯ ಕೂದಲೆಳೆ ಸಂದಿಯಲ್ಲಿ ಅದು ಬೆಳೆದಾಗ ಬೆಣೆ ಹೊಡೆದಂಗೆ ಬಿಗಿಯಾಗುತ್ತೆ. ನಮ್ಮ ಗಾಡಿಯ ಸೈಲೆನ್ಸರ್ ಬಾಯಿಗೆ ಯಾರೂ ಡಬ್ಬಿ ಮುಚ್ಚಿರಲಿಲ್ಲ. ವಾಲ್ವ್ ತೆರೆದು ನಿಂತಿದ್ದ ಒಂದು ಸಿಲಿಂಡರಿಗೆ ತೇವ ಇಳಿದು, ಪಿಸ್ಟನ್ ರಿಂಗು ಗೋಡೆಗೆ ಅಂಟಿಕೊಂಡಿತ್ತು.

ನಾನು ಮೊದಲ ದಿನವೇ ಸ್ಪ್ಯಾನರಿಗೆ ಉದ್ದನೆಯ ಪೈಪ್ ಸಿಗಿಸಿ ಜಗ್ಗಿದೆ, ಸುತ್ತಿಗೆಯಿಂದ ಬಡಿದೆ. ಸೈಲೆನ್ಸರಿನ ಒಂದು ಬೋಲ್ಟ್ ಟಪ್ ಅಂತ ಮುರೀತು. ಆಗ ಅಪ್ಪ ಹಳೇ ಮಿಸ್ತ್ರಿ ಕಾಕಾನನ್ನು ಕರೆಸಿದರು. ಎಪ್ಪತ್ತು ದಾಟಿದ ಕಾಕಾ ನನ್ನ ಕೈಯಿಂದ ಸುತ್ತಿಗೆ ಇಸಿದುಕೊಂಡು ಪಕ್ಕಕ್ಕಿಟ್ಟ. "ಬ್ಯಾಡೋ ತಮ್ಮಾ, ಹೊಡದ್ರ ಮುರೀತೈತಿ. ಎಣ್ಣಿ ಕುಡಸು, ಸುಮ್ಮ ಕುಂಡ್ರು."

ಕಾಕಾನ ಕ್ರಮ ಇದು. ಇಂಜೆಕ್ಟರ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಗೇರ್ ಎಣ್ಣೆ ಬೆರೆಸಿ ಸಿಲಿಂಡರಿಗೆ ಸುರಿದ. ದಿನಾ ಬೆಳಿಗ್ಗೆ ಒಂದಿಷ್ಟು ಮತ್ತೆ. ಹೊರಗಿನ ನಟ್ಟುಗಳಿಗೆ ಕಾಸೋದು, ತಣಿಯೋಕೆ ಬಿಡೋದು, ಎಣ್ಣೆ ಬಿಡೋದು. ಕಾಸಿದಾಗ ನಟ್ಟು ಹಿಗ್ಗಿ ತುಕ್ಕಿನ ಪದರ ಬಿರುಕು ಬಿಡುತ್ತೆ, ಆ ಬಿರುಕಿನೊಳಗೆ ಎಣ್ಣೆ ತಾನಾಗಿಯೇ ಹೀರಿಕೊಳ್ಳುತ್ತೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳೋದೂ ಇದೇ ತತ್ವದಲ್ಲಿ. (ಡೀಸೆಲ್ ಚೆಲ್ಲಿದ ಕಡೆ ಮಾತ್ರ ಬೆಂಕಿ ಹಿಡೀಬೇಡಿ.) ಮುರಿದ ಬೋಲ್ಟಿನ ತುಂಡಿನ ಮೇಲೆ ಹೊಸ ನಟ್ಟನ್ನು ವೆಲ್ಡ್ ಮಾಡಿಸಿ, ಬಿಸಿ ಆರುತ್ತಿದ್ದಂಗೆ ಹಿಂದೆ ಮುಂದೆ ಅಲ್ಲಾಡಿಸಿ ತೆಗೆದ. ಒಂದೇ ದಿಕ್ಕಿಗೆ ಜಗ್ಗಲೇ ಇಲ್ಲ.

ನಾನು ಪುಣೆಯಿಂದ ಡಬ್ಲ್ಯುಡಿ-40 ಡಬ್ಬಿ ತಂದಿದ್ದೆ. ಅದರದ್ದೂ ಒಂದು ಕಥೆ ಇದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಒಂದು ಪುಟ್ಟ ಕಂಪನಿ, ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ ನೀರನ್ನು ಹೊರದೂಡುವ ದ್ರಾವಣ ಮಾಡೋಕೆ ಹೊರಟಿತ್ತು. 39 ಸಲ ಸೋತು 40ನೇ ಸಲ ಗೆದ್ದರು. ಹೆಸರಲ್ಲಿರೋ 40 ಅದೇ. ನಮ್ಮ ಭಾಷೇಲಿ 39 ಬಿಲ್ಡ್ ಫೇಲ್! ಆದ್ರೆ ನೋಡಿ, ಅದು ಹುಟ್ಟಿದ್ದು ತುಕ್ಕು ತಡೆಯೋಕೆ. ಐದು ಮಳೆಗಾಲದ ತುಕ್ಕನ್ನು ಒಂದು ಸಂಜೆಯಲ್ಲಿ ಬಿಡಿಸೋಕೆ ಅಲ್ಲ.

ಕಾಯುವ ಆ ದಿನಗಳಲ್ಲೇ ನಾನು ಲಕ್ಷ್ಮಣರಾವ್ ಕಿರ್ಲೋಸ್ಕರ್ ಬಗ್ಗೆ ಓದಿದ್ದು. ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯೋಕೆ ಮುಂಬೈಗೆ ಹೋದರು. ಬಣ್ಣ ಸರಿಯಾಗಿ ಗುರುತಿಸೋಕೆ ಆಗದ ಕಣ್ಣಿನ ತೊಂದರೆಯಿಂದ ಅದನ್ನು ಬಿಟ್ಟು ಯಂತ್ರಗಳ ಡ್ರಾಯಿಂಗ್ ಹಿಡಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯ್ತು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. ನೇಗಿಲು ಚೆನ್ನಾಗಿತ್ತು, ಕೊಳ್ಳೋರೇ ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ಹೆದರಿದ್ದರು. ಮೊದಲ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಬೇಕಾಯ್ತು. ಬೆಳಗಾವಿಯ ಜಾಗ ಖಾಲಿ ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಬರಡು ಜಾಗವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದ ಊರೇ ಕಿರ್ಲೋಸ್ಕರ್‌ವಾಡಿ. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಲೇಥ್ ಕಾರ್ಖಾನೆ ಕಟ್ಟಿತು, 1946ರಲ್ಲಿ ಇಲ್ಲೇ ಪುಣೆಯ ಖಡಕಿಯಲ್ಲಿ ಡೀಸೆಲ್ ಎಂಜಿನ್ ಕಂಪನಿ ತೆರೆಯಿತು. ಕೆಲಸ ಹುಡುಕಿಕೊಂಡು ಪುಣೆಗೆ ಬಂದ ನಾವು, ಎಂಜಿನ್ನಿನ ಕೆಲಸ ಬೆಳಗಾವಿ ಕಡೆಯಿಂದಲೇ ಪುಣೆಗೆ ಬಂದಿತ್ತು ಅನ್ನೋದನ್ನ ಮರೆತೇ ಬಿಟ್ಟಿದ್ದೀವಿ.

ಆ ರೈತರನ್ನು ದಡ್ಡರು ಅಂತ ನಗೋದು ಸುಲಭ. ಆದ್ರೆ ಇರೋದೇ ಒಂದು ತುಂಡು ಹೊಲ, ತಪ್ಪಾದರೆ ಆ ವರ್ಷ ಊಟ ಇಲ್ಲ. ಹಂಗಿದ್ದಾಗ ಯಾರು ತಾನೇ ಹೊಸದನ್ನ ಒಂದೇ ದಿನದಲ್ಲಿ ಒಪ್ತಾರೆ? ಬೈದು ಮಾರೋಕೆ ಆಗಲ್ಲ. ಒಬ್ಬನ ಹೊಲದಲ್ಲಿ ಬೆಳೆ ಬಂದಿದ್ದನ್ನು ಇನ್ನೊಬ್ಬ ಕಣ್ಣಾರೆ ನೋಡೋ ತನಕ ಕಾಯಬೇಕು.

ಒಂಬತ್ತನೇ ದಿನ ಕಾಕಾ ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದ. ಕೂದಲೆಳೆಯಷ್ಟು ಸರೀತು. ಮತ್ತೆ ಅಲ್ಲಾಡಿಸಿದ, ಬೆರಳಗಲ. ಸಂಜೆಗೆ ಪೂರ್ತಿ ಒಂದು ಸುತ್ತು. ಇಂಜೆಕ್ಟರ್ ಹಾಕೋ ಮುಂಚೆ ಸಿಲಿಂಡರಿನ ಎಣ್ಣೆಯನ್ನೆಲ್ಲ ತಿರುಗಿಸಿ ಹೊರಹಾಕಿದ. ಅದು ಒಳಗೇ ಉಳಿದರೆ ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ. ಎಂಜಿನ್ ಆಯಿಲ್ಲೂ ಬದಲಾಯಿತು. ಕ್ಲಚ್ ಪ್ಲೇಟ್ ಇನ್ನೂ ಅಂಟಿಕೊಂಡಿತ್ತು. ಪೆಡಲ್ ಒತ್ತಿ ಕಟ್ಟಿಗೆ ತುಂಡು ಕೊಟ್ಟು ರಾತ್ರಿಯೆಲ್ಲ ಬಿಟ್ಟೆವು.

ಹತ್ತನೇ ದಿನ ಬೆಳಿಗ್ಗೆ ಅಪ್ಪ ಸೀಟಿನ ಮೇಲೆ ಕೂತರು. ನೋವಿರೋ ಕಾಲಿಂದಲೇ ಕ್ಲಚ್ ಒತ್ತಿದರು. ಗೇರ್ ಬಿತ್ತು. ಕೊಟ್ಟಿಗೆಯಿಂದ ಅಂಗಳಕ್ಕೆ ಬರೀ ಇಪ್ಪತ್ತು ಹೆಜ್ಜೆ. ಅಣ್ಣ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದ.

ಕಾಕಾನ ಕೈಕೆಳಗೆ ಈಗ ಒಬ್ಬ ಹುಡುಗನೂ ಕಲಿಯೋಕೆ ಬರ್ತಿಲ್ಲ. ಅದಕ್ಕೇ ಆ ಹತ್ತು ದಿನ ಅವನು ಹೇಳಿದ್ದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಈ ವಿಡಿಯೋ ಹುಟ್ಟಿದ್ದೂ ಅದರಿಂದಲೇ. ಊರಿಗೆ ಹೋದಾಗ ನಿಮ್ಮ ಕೊಟ್ಟಿಗೆಯ ಮೂಲೆಯನ್ನೂ ಒಮ್ಮೆ ನೋಡಿ. ಸೈಲೆನ್ಸರ್ ಬಾಯಿಗೆ ಒಂದು ಡಬ್ಬಿಯನ್ನಾದರೂ ಮುಚ್ಚಿ ಬನ್ನಿ. ಮುಂದಿನ ವಾರ ಸಿಗೋಣ, ಬರ್ತೀನ್ರೀ.