ಗುರುಗಳನ್ನು ಸಿದ್ಧಪಡಿಸಿದ ಶಾಲೆ

ಕುಶಾಗ್ರಬುದ್ಧಿಯ ಬಾಲಕನು ಯಾವ ಗುರುವಿನ ಬಳಿಯಲ್ಲಿದ್ದರೂ ತಾನಾಗಿಯೇ ಮುಂದುವರಿಯುವನೆಂಬುದು ಲೋಕದಲ್ಲಿ ರೂಢವಾದ ನಂಬಿಕೆಯು. ಮಂದಮತಿಗೆ ಕಲಿಸುವ ಗುರುವಿಗೆ ವಿಶೇಷ ಶಿಕ್ಷಣವು ಬೇಕು, ಮೇಧಾವಿಗೆ ಪುಸ್ತಕವೊಂದಿದ್ದರೆ ಸಾಕು ಎನ್ನುವವರು ಪಾಠಶಾಲೆಗಳನ್ನು ನಡೆಸುವವರಲ್ಲಿಯೂ ಉಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಯೂರೋಪ್ ಖಂಡದ ಹಂಗೇರಿ ದೇಶದ ವಿದ್ಯಾಚರಿತ್ರೆಯಿಂದ ಅರಿಯಬಹುದು.

1867ರಲ್ಲಿ ಆ ದೇಶಕ್ಕೆ ಒಳಾಡಳಿತದ ಸ್ವಾತಂತ್ರ್ಯವು ದೊರೆಯಿತು. ವಿದ್ಯಾಮಂತ್ರಿಯಾದ ಯೋಜೆಫ್ ಎಟ್ವೆಷನು ಮೋರ್ ಕಾರ್ಮಾನ್ ಎಂಬ ತರುಣ ವಿದ್ವಾಂಸನನ್ನು ಬೋಧನಕ್ರಮವನ್ನು ಅಭ್ಯಸಿಸಿ ಬರಲು ಜರ್ಮನಿಯ ಲೈಪ್ಸಿಗ್ ನಗರಕ್ಕೆ ಕಳುಹಿದನು. ಮರಳಿ ಬಂದ ಕಾರ್ಮಾನನು 1872ರಲ್ಲಿ ಬುಡಾಪೆಸ್ಟಿನಲ್ಲಿ ಒಂದು ಪ್ರೌಢಶಾಲೆಯನ್ನು ಸ್ಥಾಪಿಸಿದನು. ಜನರು ಅದನ್ನು ‘ಮಿಂತಾ’, ಎಂದರೆ ಮಾದರಿ ಎಂದು ಕರೆದರು. ಈ ಶಾಲೆಯಲ್ಲಿ ಬಾಲಕರಷ್ಟೇ ಅಲ್ಲ, ಗುರುಗಳೂ ವಿದ್ಯಾರ್ಥಿಗಳು. ವಿಶ್ವವಿದ್ಯಾನಿಲಯದ ಓದನ್ನು ಮುಗಿಸಿದವನು ಇಲ್ಲಿ ಅನುಭವಿಗಳ ಪಾಠವನ್ನು ಕುಳಿತು ನೋಡುವನು. ಬಳಿಕ ತಾನೇ ಪಾಠ ಹೇಳುವನು. ಅನಂತರ ಮಾರ್ಗದರ್ಶಕರೊಡನೆ ಆ ಪಾಠದ ಗುಣದೋಷಗಳ ವಿಚಾರವು ನಡೆಯುವುದು. ತನ್ನ ಪಾಠವು ಇತರರ ವಿಮರ್ಶೆಗೆ ಒಳಗಾಗುವುದನ್ನು ಸಹಿಸುವುದು ವಿದ್ವಾಂಸನಿಗೆ ಸುಲಭವಲ್ಲ. ಅದನ್ನು ನಿತ್ಯದ ವಾಡಿಕೆಯಾಗಿಸಿದ್ದೇ ಕಾರ್ಮಾನನ ಹಿರಿಮೆ.

ಆತನ ಮಗ, ವಿಮಾನಶಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದ ಥಿಯೋಡೋರ್ ಫಾನ್ ಕಾರ್ಮಾನ್, ಇದೇ ಶಾಲೆಯ ಶಿಷ್ಯನು. ಗಣಿತದಲ್ಲಿ ಸೂತ್ರಗಳ ಕಂಠಪಾಠವಿರಲಿಲ್ಲವೆಂದೂ, ದೇಶದಲ್ಲಿ ಬೆಳೆದ ಗೋಧಿಯ ವರ್ಷವರ್ಷದ ಲೆಕ್ಕವನ್ನು ತೆಗೆದು, ರೇಖಾಚಿತ್ರ ಬರೆದು, ಏರಿಳಿತಗಳ ಮರ್ಮವನ್ನು ತಾವೇ ಕಂಡುಕೊಳ್ಳುತ್ತಿದ್ದರೆಂದೂ ಆತನು ಆತ್ಮಚರಿತ್ರೆಯಲ್ಲಿ ಸ್ಮರಿಸಿರುವನು. ಲ್ಯಾಟಿನ್ ಭಾಷೆಯ ಪಾಠವೂ ವ್ಯಾಕರಣದಿಂದಲ್ಲ, ನಗರದ ಪ್ರತಿಮೆಗಳ ಮೇಲಿನ ಶಾಸನಗಳನ್ನು ನಕಲು ಮಾಡಿಕೊಂಡು ಬರುವುದರಿಂದ ಆರಂಭವಾಗುತ್ತಿದ್ದಿತು. ಮಗನು ತಂದೆಯ ಶಾಲೆಯನ್ನು ಹೊಗಳುವುದು ಸಹಜವೇ; ಆದರೂ ಇಂಥ ಪಾಠವನ್ನು ಹೇಳಬೇಕಾದರೆ ಗುರುವು ಎಷ್ಟು ಸಿದ್ಧನಾಗಿರಬೇಕೆಂಬುದನ್ನು ಓದುಗರು ಆಲೋಚಿಸಬಹುದು.

ರಾಜಧಾನಿಯ ಹೊರಗಿನ ಉಪಾಧ್ಯಾಯರ ಗತಿಯೇನು? ಗ್ಯೋರ್ ಪಟ್ಟಣದ ಉಪಾಧ್ಯಾಯನಾದ ದಾನಿಯೆಲ್ ಅರಾನಿಯು 1894ರಲ್ಲಿ ಪ್ರೌಢಶಾಲೆಗಳಿಗಾಗಿ ಒಂದು ಗಣಿತಪತ್ರಿಕೆಯನ್ನು ಹೊರಡಿಸಿದನು. ಅದರ ಸಮಸ್ಯೆಗಳು ಶಿಷ್ಯರಿಗೆ ಹೇಗೋ ಗುರುಗಳಿಗೂ ಹಾಗೆಯೇ ಉದ್ದೇಶಿತವಾದವು. ಶಿಷ್ಯನು ಬಿಡಿಸಿ ತಂದ ಲೆಕ್ಕವನ್ನು ನೋಡಬೇಕಾದ ಗುರುವು ತಾನೂ ಅದನ್ನು ಬಿಡಿಸದೆ ಇರಲಾದೀತೆ! ಅದೇ ವರ್ಷ ಪ್ರೌಢಶಾಲೆಯನ್ನು ಮುಗಿಸಿದವರಿಗೆ ಎಟ್ವೆಷ್ ಸ್ಪರ್ಧೆಯೂ, ಮರುವರ್ಷ ಉಪಾಧ್ಯಾಯರಾಗತಕ್ಕವರಿಗೆ ಎಟ್ವೆಷ್ ವಿದ್ಯಾರ್ಥಿನಿಲಯವೂ ಆರಂಭವಾದವು.

ಆ ಪತ್ರಿಕೆಯನ್ನು 1896ರಿಂದ 1914ರವರೆಗೆ ನಡೆಸಿದವನು ಲಾಸ್ಲೋ ರಾತ್ಸ್. ಈತನು ಬುಡಾಪೆಸ್ಟಿನಲ್ಲಿ ಲೂಥರನ ಅನುಯಾಯಿಗಳು ನಡೆಸುತ್ತಿದ್ದ ಶಾಲೆಯ ಗಣಿತೋಪಾಧ್ಯಾಯನು. ಮತಸಂಸ್ಥೆಯ ಶಾಲೆಯಾದರೂ ಯಹೂದಿ ಮನೆತನಗಳ ಬಾಲಕರಿಗೂ ಅದರ ಬಾಗಿಲು ತೆರೆದಿದ್ದಿತು. ಅಂಥವರಲ್ಲಿ ಒಬ್ಬನು ಯಾನೋಷ್ ನೋಯ್ಮನ್. ಅಂದರೆ ಮುಂದೆ ಗಣಕಯಂತ್ರದ ಶಿಲ್ಪಿಗಳಲ್ಲೊಬ್ಬನೆನಿಸಿದ ಜಾನ್ ಫಾನ್ ನೋಯ್ಮನ್. ಬಾಲಕನ ಶಕ್ತಿಯನ್ನು ರಾತ್ಸನು ಬೇಗನೆ ಗುರುತಿಸಿದನು. ಗುರುತಿಸಿದುದು ದೊಡ್ಡದಲ್ಲ, ಈ ಶಿಷ್ಯನಿಗೆ ಶಾಲೆಯ ಪಾಠವು ಸಾಲದೆಂದು ತಂದೆಯ ಬಳಿಗೆ ಹೋಗಿ ಹೇಳಿ, ವಿಶ್ವವಿದ್ಯಾನಿಲಯದ ಕೂರ್ಶಾಕ್ ಪಂಡಿತನ ಮೂಲಕ ಗಾಬೊರ್ ಸೆಗ್ಯೋ ಎಂಬ ತರುಣ ಗಣಿತಜ್ಞನಿಂದ ಪಾಠದ ಏರ್ಪಾಡನ್ನು ಮಾಡಿಸಿದನು. ತನ್ನ ವಿದ್ಯೆಯ ಎಲ್ಲೆಯನ್ನು ಬಲ್ಲ ಗುರುವಿಗೆ ಮಾತ್ರ ಸಾಧ್ಯವಾದ ಕಾರ್ಯವಿದು. ಹಾಗೆಂದು ಬಾಲಕನನ್ನು ಸಹಪಾಠಿಗಳಿಂದ ಬೇರ್ಪಡಿಸಲಿಲ್ಲ. ಅವನು ತರಗತಿಯಲ್ಲಿಯೇ ಮುಂದುವರಿದನು. 1922ರಲ್ಲಿ ಫೆಕೆತೆ ಎಂಬ ಗಣಿತಜ್ಞನೊಡನೆ ಬರೆದ ಅವನ ಮೊದಲ ಸಂಶೋಧನಲೇಖನವು ಪ್ರಕಟವಾಯಿತು.

ಇಂಥ ಫಲವನ್ನು ಬಿಟ್ಟ ವೃಕ್ಷಕ್ಕೆ ಆ ದೇಶವೇ ಕೊಡಲಿಯನ್ನಿಟ್ಟಿತೆಂಬುದು ವ್ಯಸನದ ಸಂಗತಿ. 1920ರ ಶಾಸನವು ವಿಶ್ವವಿದ್ಯಾನಿಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯನ್ನು ಕಟ್ಟಿತು. ಕಾಲಕ್ರಮದಲ್ಲಿ ನೋಯ್ಮನ್, ವಿಗ್ನರ್, ಸೆಗ್ಯೋ ಮೊದಲಾದವರು ಪರದೇಶವಾಸಿಗಳಾದರು.

ರಾತ್ಸನು 1925ರವರೆಗೆ ಪಾಠ ಹೇಳಿ 1930ರಲ್ಲಿ ನಿಧನನಾದನು. ಯುದ್ಧದಿಂದ ನಿಂತುಹೋಗಿದ್ದ ಗಣಿತಪತ್ರಿಕೆಯು 1925ರಲ್ಲಿಯೇ ಪುನಃ ಹೊರಟಿತು. ಆತನ ಶಾಲೆಯು 1952ರಲ್ಲಿ ಮುಚ್ಚಲ್ಪಟ್ಟು 1989ರಲ್ಲಿ ಮತ್ತೆ ತೆರೆಯಿತು. 1963ರ ನೊಬೆಲ್ ಪಾರಿತೋಷಕವನ್ನು ಪಡೆದ ಯೂಜೀನ್ ವಿಗ್ನರನು ಅಮೆರಿಕದ ಪ್ರಿನ್ಸ್‌ಟನ್ನಿನ ತನ್ನ ಕೊಠಡಿಯಲ್ಲಿ ರಾತ್ಸನ ಭಾವಚಿತ್ರವನ್ನು ಇರಿಸಿಕೊಂಡಿದ್ದನು.