ಕಫ ಕೊಡದ ರೋಗಿ: ಜತ್ತ ಸೀಮೆಯ ಮಕ್ಕಳ ಕ್ಷಯ ಮತ್ತು ಭಾಷೆ

ಕ್ಷಯರೋಗದ ಆಧುನಿಕ ಚರಿತ್ರೆಯು ಬಹುಮಟ್ಟಿಗೆ ಸೂಕ್ಷ್ಮದರ್ಶಕದ ಚರಿತ್ರೆಯಾಗಿದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಈ ರೋಗಾಣುವನ್ನು ಪ್ರಕಟಪಡಿಸಿದ ಮೇಲೆ, ಕಫದಲ್ಲಿ ಅದು ಕಾಣುವುದೇ ರೋಗಕ್ಕೆ ಪ್ರಮಾಣವಾಯಿತು. ಈ ಪ್ರಮಾಣಕ್ಕೆ ಮಕ್ಕಳು ಒಗ್ಗಲಿಲ್ಲ. ಎಳೆಯ ಮಗು ಕಫವನ್ನು ಉಗುಳುವುದಿಲ್ಲ, ನುಂಗುತ್ತದೆ; ಅದರ ದೇಹದಲ್ಲಿ ರೋಗಾಣುಗಳ ಸಂಖ್ಯೆಯೂ ಕಡಿಮೆ. 1908ರಲ್ಲಿ ಬಂದ ಮಾಂಟೂ ಚರ್ಮಪರೀಕ್ಷೆಯು ಸೋಂಕನ್ನು ಸೂಚಿಸಬಲ್ಲದೇ ಹೊರತು ರೋಗವನ್ನಲ್ಲ. ಅಪೌಷ್ಟಿಕ ಮಗುವಿನಲ್ಲಿ ಸೋಂಕಿದ್ದರೂ ಅದು ತೋರದಿರಬಹುದು. ಹೀಗಾಗಿ ಕ್ಷಕಿರಣ ಚಿತ್ರ, ಜಠರರಸದ ಪರೀಕ್ಷೆಗಳ ಜೊತೆಗೆ ಎರಡು ಪ್ರಶ್ನೆಗಳು ಇಂದಿಗೂ ನಿರ್ಣಾಯಕವಾಗಿವೆ: ಮಗು ಎಷ್ಟು ದಿನದಿಂದ ಹೀಗಿದೆ? ಮನೆಯಲ್ಲಿ ಕೆಮ್ಮುವವರು ಯಾರು? ಇವುಗಳಿಗೆ ಉತ್ತರ ಕೊಡುವವಳು ಸಾಮಾನ್ಯವಾಗಿ ತಾಯಿ.

ಆ ಉತ್ತರದ ಭಾಷೆ ಯಾವುದೆಂಬುದು ಜತ್ತ ತಾಲ್ಲೂಕಿನಲ್ಲಿ ಚಾರಿತ್ರಿಕ ಪ್ರಶ್ನೆಯಾಗುತ್ತದೆ. ಡಫಳೆ ಮನೆತನದ ಈ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜತ್ತ ಮುಂಬಯಿಯಲ್ಲೇ ಉಳಿಯಿತು. ಉಮದಿ, ಸಂಖ, ಗುಡ್ಡಾಪುರಗಳ ಕಡೆಯ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ.

ಆ ಕಾಲದವರೆಗೆ ಈ ಸೀಮೆಯಲ್ಲಿ ಕ್ಷಯದ ಚಿಕಿತ್ಸೆಯೆಂದರೆ ಮಿರಜ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. ಅವರ ಹೆಸರಿನ ವಾನ್ಲೆಸ್‌ವಾಡಿಯಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಬೆಳೆಯಿತು. ಆರೋಗ್ಯಧಾಮದ ತತ್ತ್ವವೇ ರೋಗಿಯನ್ನು ಮನೆಯಿಂದ ಬೇರ್ಪಡಿಸುವುದಾಗಿತ್ತು. ಗಡಿ ಬದಲಾದ ಅದೇ 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ ಆರಂಭವಾಯಿತು. ಔಷಧಿ ಸರಿಯಾಗಿ ದೊರೆತರೆ ಮನೆಯಲ್ಲಿದ್ದೇ ರೋಗಿ ಗುಣವಾಗಬಲ್ಲನೆಂದು ಅದರ ಅಧ್ಯಯನ 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡು, 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಆ ಕಾರ್ಯಕ್ರಮದ ಆಧಾರ ಕಫಪರೀಕ್ಷೆ. ಚಿಕಿತ್ಸೆ ಮನೆಗೆ ಬಂದಿತು. ಆದರೆ ಕಫ ಕೊಡದ ಮಗು ಲೆಕ್ಕದ ಅಂಚಿನಲ್ಲಿ ಉಳಿಯಿತು. ಮನೆಯಲ್ಲೊಬ್ಬ ರೋಗಿಯಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳು ಐಸೊನಿಯಾಜಿಡ್ ಕೊಡಬೇಕೆಂಬ ಕ್ರಮ ಮುಂದೆ ಬಂದಾಗಲೂ ಅದು ಮನೆಯವರ ಹೇಳಿಕೆಯನ್ನೇ ನೆಚ್ಚಿತ್ತು.

'ಕ್ಷಯ' ಎಂಬ ಹೆಸರು ಎರಡೂ ಭಾಷೆಗಳಿಗೆ ಸಮಾನ. ಲಕ್ಷಣಗಳ ಮಾತು ಹಾಗಲ್ಲ. ಕೆಮ್ಮು ಮರಾಠಿಯಲ್ಲಿ ಖೋಕಲಾ, ಜ್ವರ ತಾಪ. ಇವುಗಳ ಅನುವಾದ ಸುಲಭ. 'ಉಂಡದ್ದು ಮೈಗೆ ಹತ್ತವಲ್ದು' ಎಂಬ ಉತ್ತರ ಕರ್ನಾಟಕದ ಮಾತು ಅಷ್ಟು ಸುಲಭವಲ್ಲ. ತಿಂದರೂ ತೂಕ ಏರದಿರುವುದು ಮಕ್ಕಳ ಕ್ಷಯದ ಮುಖ್ಯ ಸೂಚನೆಗಳಲ್ಲೊಂದು. ಆ ಮಾತು 'ಊಟ ಸೇರುತ್ತಿಲ್ಲ' ಎಂದು ಅನುವಾದಗೊಂಡರೆ ಸೂಚನೆಯೇ ಅಳಿಯುತ್ತದೆ. ಮನೆಯಲ್ಲಿ ಕೆಮ್ಮುವ ಅಜ್ಜನ ವಿಚಾರವಂತೂ ನಂಬಿಕೆ ಹುಟ್ಟದೆ ಹೊರಬೀಳುವುದಿಲ್ಲ. ಕಳಂಕದ ಭಯ ಅದನ್ನು ತಡೆಯುತ್ತದೆ. ಸೀಮೆಯಲ್ಲಿ ದ್ವಿಭಾಷಿಕತೆ ಸಾಮಾನ್ಯವೆಂಬ ವಾದವುಂಟು. ಆದರೆ ಸಂತೆಗೂ ಕಚೇರಿಗೂ ಸಾಲುವ ಎರಡನೆಯ ಭಾಷೆ ಮಗುವಿನ ದೇಹದ ಸೂಕ್ಷ್ಮ ವಿವರಕ್ಕೂ ಸಾಲುತ್ತದೆಂದು ಭಾವಿಸಲಾಗದು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳಿಗೆ ಆರು ತಿಂಗಳ ಔಷಧಿಯ ಕ್ರಮವನ್ನು ವಿವರಿಸುವಾಗಲೂ ಇದೇ ತೊಡಕು.

1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಜತ್ತದ ಕನ್ನಡ ಶಾಲೆಗಳು ಆ ಆಶಯದೊಳಗೆ ಬರುತ್ತವೆ. ತಪಾಸಣೆಯ ಕೋಣೆಗೆ ಅಂಥ ವಿಧಿಯಿಲ್ಲ. ಕ್ಷಯವು ಮಿದುಳಿನ ಪೊರೆಗೆ ಹರಡುವ ಅಪಾಯ ಹೆಚ್ಚಾಗಿರುವುದು ಶಾಲೆಯ ಮೆಟ್ಟಿಲನ್ನು ಇನ್ನೂ ಹತ್ತದ ಮಕ್ಕಳಲ್ಲಿ. ಗಡಿನಾಡಿನ ಭಾಷಾ ಹಕ್ಕಿನ ಚರ್ಚೆಯು ಶಾಲೆಯಿಂದ ಆರಂಭವಾಗುವುದಾದರೆ, ಈ ಮಕ್ಕಳು ಅದರ ಹೊರಗೇ ಉಳಿಯುತ್ತಾರೆ.